ಪಾಲಪ್ಪನ ಮಕ

ನನಗೆ ನನ್ನ ಅವ್ವನ ಮುಖ ಗೊತ್ತಿಲ್ಲ. ನಾನು ತೆವಳುವ ಕೂಸಾಗಿದ್ದಾಗ ವಾಂತಿಭೇದಿ ಬಂದು ನಮ್ಮ ಹಟ್ಟಿಯಲ್ಲಿ ಮನೆಗೊಂದು ಹೆಣ ಬಿತ್ತಂತೆ. ನಮ್ಮ ಮನೆಯ ಪಾಲಿಗೆ ಅವ್ವ. ಹೇಗಿದ್ದಳು ಎಂದು ಅಪ್ಪನನ್ನು ಕೇಳಿದರೆ ನಿನ್ನ ಹಾಗೇ ಇದ್ದಳು ಎನ್ನುತ್ತಿದ್ದ. ಪಕ್ಕದ ಗುಡಿಸಲಿನ ಚಿಕ್ಕಕ್ಕನನ್ನು ಕೇಳಿದರೆ, ನಿನ್ನ ಹಾಗಿರಲಿಲ್ಲ ಬಿಡು, ಲಕ್ಷಣವಾಗಿದ್ದಳು ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಕನ್ನಡಿ ಇರಲಿಲ್ಲ. ಬಾನಿಯಲ್ಲಿ ನೀರು ತಿಳಿಯಾದಾಗ ಬಗ್ಗಿ ನನ್ನ ಮುಖ ನೋಡಿಕೊಂಡು, ಇದರಲ್ಲಿ ಅವ್ವ ಎಷ್ಟು, ನಾನೆಷ್ಟು ಎಂದು ಹುಡುಕುತ್ತಿದ್ದೆ. ಸತ್ತವರ ಮುಖ ಇಟ್ಟುಕೊಳ್ಳುವ ಅನುಕೂಲ ನಮ್ಮೂರಲ್ಲಿ ಪಟೇಲರ ಮನೆಗೊಂದಕ್ಕೇ ಇತ್ತು. ಪಟೇಲರ ಅಪ್ಪ ಪಡಸಾಲೆಯ ಗೋಡೆಯ ಮೇಲೆ ಗಾಜಿನೊಳಗೆ ಕೂತಿದ್ದಾನೆ ಎಂದು ಅವರ ಕೊಟ್ಟಿಗೆ ಬಾಚಲು ಹೋಗುವವರು ಬಾಗಿಲ ಸಂದಿಯಿಂದ ನೋಡಿ ಬಂದು ಹೇಳುತ್ತಿದ್ದರು.

ನನ್ನ ಅಪ್ಪ ಪಾಲಪ್ಪ. ಜಾಲಿಕಟ್ಟೆಯ ಹಟ್ಟಿಯಲ್ಲಿ ಮಗ್ಗ ಇದ್ದ ಹೊಲೆಯ. ಬಡವನಹಳ್ಳಿಯಿಂದ ಶಿರಾ ಕಡೆ ಹೊರಟರೆ ರಸ್ತೆ ಬಿಟ್ಟು ಒಳಗೆ ಸಿಗುವ ಊರು ಅದು. ಗಾಳಿ ಊರನ್ನು ದಾಟಿ ನಮ್ಮ ಮೇಲೆ ಬೀಸಬೇಕೇ ಹೊರತು ನಮ್ಮನ್ನು ದಾಟಿ ಊರ ಮೇಲೆ ಬೀಸಬಾರದು, ಅಂಥ ಜಾಗ ನೋಡಿ ನಮ್ಮ ಹಟ್ಟಿ ಹಾಕಿಸಿದ್ದರು. ಅಪ್ಪ ನೇಯುತ್ತಿದ್ದುದು ಪಚ್ಚಡ, ಎರಡು ಪಟ್ಟಿ ಸೇರಿಸಿ ಹೊಲಿದ ದಪ್ಪ ಹತ್ತಿ ಹೊದಿಕೆ. ಚಳಿಗಾಲದಲ್ಲಿ ಊರಿನ ಮುಕ್ಕಾಲು ಜನ ಅದನ್ನೇ ಹೊದ್ದು ಮಲಗುತ್ತಿದ್ದರು. ಕೊಳ್ಳುವಾಗ ಮಾತ್ರ ಕೈಗೆ ಕೈ ತಾಗುವಂತಿಲ್ಲ. ಅಪ್ಪ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಅವರು ಗಂಜಲ ಚಿಮುಕಿಸಿ ಎತ್ತಿಕೊಳ್ಳಬೇಕು. ಅಪ್ಪನ ಬೆವರು ಕುಡಿದ ಬಟ್ಟೆ ಒಂದು ಹನಿ ಗಂಜಲಕ್ಕೆ ಶುದ್ಧವಾಗುತ್ತಿತ್ತು. ಅಪ್ಪ ಯಾವ ಗಂಜಲಕ್ಕೂ ಶುದ್ಧವಾಗಲಿಲ್ಲ.

ಅಪ್ಪ ಎಡಚ. ಉಣ್ಣುವುದು ಒಂದು ಬಿಟ್ಟರೆ ಎಲ್ಲವೂ ಎಡಗೈಯಲ್ಲೇ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅಂಚಿನ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯಬೇಕು. ತಲೆಯ ಹತ್ತಿರ ಒಂದು ಹಗ್ಗ ತೂಗುತ್ತಿರುತ್ತದೆ. ಅದನ್ನು ಎಳೆದರೆ ಅಡ್ಡನೂಲು ತುಂಬಿದ ಲಾಳಿ ಈ ಕಡೆಯಿಂದ ಆ ಕಡೆಗೆ ಓಡುತ್ತದೆ. ಎಲ್ಲರೂ ಹಗ್ಗವನ್ನು ಬಲಗೈಯಲ್ಲಿ ಎಳೆದು ಎಡಗೈಯಲ್ಲಿ ನೂಲು ಒತ್ತುವ ಹಲಗೆ ಬಡಿಯುತ್ತಾರೆ. ಅಪ್ಪ ಎಡಗೈಯಲ್ಲಿ ಎಳೆದು ಬಲಗೈಯಲ್ಲಿ ಬಡಿಯುತ್ತಿದ್ದ. ತೋವಿನಕೆರೆ ಕಡೆಯಿಂದ ಬಂದ ನೆಂಟರು ಅದನ್ನು ನೋಡಿ ನಗುತ್ತಿದ್ದರು. ಹಲಗೆಯ ಸದ್ದು ಕೇಳಿ ಕೇಳಿ ಅವನ ಕಿವಿ ಮಂದವಾಗಿತ್ತು. ಗುಂಡಿಯ ತಂಪು ಎದೆಗೆ ಇಳಿದು ಕೆಮ್ಮು ಹತ್ತಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ಬೆಂಗಳೂರಿನಿಂದ ಒಂದು ವ್ಯಾನು ಬಂತು. ಅದರಿಂದ ಇಳಿದವರು ಜಯರಾಮಯ್ಯ. ಬಿಳಿ ಪೈಜಾಮ, ಕನ್ನಡಕ, ಮೆತ್ತಗಿನ ಮಾತು. ದಸರಾ ವಸ್ತುಪ್ರದರ್ಶನದಲ್ಲಿ ಸಂಸ್ಥಾನದ ಕೈಕಸುಬುಗಳನ್ನು ಚಲಿಸುವ ಚಿತ್ರ ಮಾಡಿ ತೋರಿಸುತ್ತಾರಂತೆ, ಮಹಾರಾಜರೂ ನೋಡುತ್ತಾರಂತೆ. ಬಡವನಹಳ್ಳಿ ಸಂತೆಯಲ್ಲಿ ಅಪ್ಪನ ಪಚ್ಚಡ ನೋಡಿ ಇದನ್ನು ನೇಯ್ದವನು ಯಾರು ಎಂದು ವಿಚಾರಿಸಿಕೊಂಡು ಬಂದಿದ್ದರು. ಹತ್ತಿ ಬಿಡಿಸುವುದರಿಂದ ಹಿಡಿದು ಬಟ್ಟೆ ಮಗ್ಗದಿಂದ ಇಳಿಯುವ ತನಕ ಎಲ್ಲವನ್ನೂ ಚಿತ್ರ ತೆಗೆಯಬೇಕು ಎಂದರು. ಪಟೇಲ್ ಮಹಾಲಿಂಗಯ್ಯನವರ ಅಪ್ಪಣೆ ಪಡೆದು ಹಟ್ಟಿಯೊಳಕ್ಕೇ ಬಂದರು. ಮೆಟ್ಟು ಹಾಕಿದವರು ನಮ್ಮ ಹಟ್ಟಿಗೆ ಬರುವುದು ಕಂದಾಯಕ್ಕೆ, ಬೈಗುಳಕ್ಕೆ. ಇವರು ಅಪ್ಪನಿಗೆ ಕೈಮುಗಿದರು. ನಮ್ಮ ಮನೆಯ ನೀರನ್ನು ಮಾತ್ರ ಕುಡಿಯಲಿಲ್ಲ. ಕೂಜ ಅವರ ಜೊತೆಗೇ ಇತ್ತು.

ಮೊದಲ ದಿನ ಅವರು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಪ್ಪ ನೇಯುವುದನ್ನು ನೋಡಿ ನೋಡಿ ತಲೆದೂಗಿ ಹೇಳಿದರು.

"ಪಾಲಪ್ಪ, ನೀವು ಕಲಾವಿದ."

ಅಪ್ಪ ಹಗ್ಗ ಬಿಟ್ಟ. ಮುಖ ಸಣ್ಣದಾಯಿತು. ಗುಂಡಿಯೊಳಗಿಂದಲೇ ಕೈ ಜೋಡಿಸಿದ.

"ಹೊಲೇರು, ಬುದ್ಧಿ."

ಜಯರಾಮಯ್ಯನವರಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಅಪ್ಪನ ಮಂದ ಕಿವಿಗೆ ಅದು 'ಕುಲ ಯಾವ್ದು' ಎಂದು ಕೇಳಿಸಿತ್ತು. ಹೊಸಬರು ಯಾರೇ ಬರಲಿ, ಅವರ ಬಾಯಿಂದ ಮೊದಲು ಬರುವ ಮಾತು ಅದೇ ತಾನೆ. ಕಲಾವಿದ ಎಂದರೆ ಏನೆಂದು ಆಗ ನನಗೂ ಗೊತ್ತಿರಲಿಲ್ಲ. ಅವರು ಬಿಡಿಸಿ ಹೇಳಿದರು. ಚೆಂದವಾಗಿ ಕೆಲಸ ಮಾಡುವವನು ಅಂತ ಅರ್ಥವಂತೆ. ಸಂಜೆ ನಾನು ಅದನ್ನು ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದೆ. ಅಪ್ಪ ಒಪ್ಪಲಿಲ್ಲ. ಇಲ್ಲ ಕಣವ್ವ, ಅವರು ಕುಲವನ್ನೇ ಕೇಳಿದ್ದು ಎಂದ.

ನನಗೆ ಬೇಕಾಗಿದ್ದು ಬೇರೆ. ಮಾರನೇ ದಿನ ಧೈರ್ಯ ಮಾಡಿ, ಆ ಪೆಟ್ಟಿಗೆಯಲ್ಲಿ ಅಪ್ಪನ ಮುಖ ಬರುತ್ತದಾ ಎಂದು ಕೇಳಿದೆ. ಬರುತ್ತೆ ಎಂದರು. ಎಷ್ಟು ದಿನ ಇರುತ್ತೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

"ನೂರು ವರ್ಷ ಆದ್ರೂ ಇರುತ್ತಮ್ಮ. ಬರೀ ಇರೋದಲ್ಲ, ಕಣ್ಣು ಮಿಟುಕಿಸುತ್ತೆ, ನಗುತ್ತೆ. ನಿನ್ನ ಮೊಮ್ಮಕ್ಕಳೂ ನೋಡ್ಬಹುದು."

ಆ ಮಾತಿಗೆ ನಾನು ಬಿದ್ದೆ. ಅಪ್ಪನ ಕೆಮ್ಮು ಕೇಳುವವರಿಗೆ ಅವನು ಇನ್ನು ಬಹಳ ದಿನ ಇರುವವನಲ್ಲ ಎಂದು ಗೊತ್ತಾಗುತ್ತಿತ್ತು. ಅವ್ವನನ್ನು ಹುಡುಕಿದ ಹಾಗೆ ಅಪ್ಪನನ್ನೂ ಬಾನಿಯ ನೀರಿನಲ್ಲಿ ಹುಡುಕುವ ಹಣೆಬರಹ ಬೇಡ ಎನಿಸಿತು. ಅವರು ಏನು ಕೇಳಿದರೂ ಹ್ಞೂಂ ಎಂದೆ.

ಅವರು ಮೊದಲು ಕೇಳಿದ್ದು ನಮ್ಮ ಸೂರು. ಗುಡಿಸಲಿನೊಳಗೆ ಬೆಳಕು ಸಾಲದು, ಬೆಳಕಿಲ್ಲದೆ ಚಿತ್ರ ಬರುವುದಿಲ್ಲ ಎಂದರು. ಚಿತ್ರ ಮುಗಿದ ಮೇಲೆ ಹೊಸ ಹುಲ್ಲು ಹೊದಿಸಿ ಕೊಡುವ ಜವಾಬ್ದಾರಿ ಪಟೇಲರು ವಹಿಸಿಕೊಂಡಿದ್ದಾರೆ ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಹಟ್ಟಿಯ ಗಂಡಸರೇ ಮೇಲೆ ಹತ್ತಿ ಹುಲ್ಲು ಕಿತ್ತರು. ಹೊಗೆ ಹಿಡಿದ ಹುಲ್ಲು ಮುಟ್ಟಿದರೆ ಪುಡಿಯಾಯಿತು. ಮನೆ ಹಲ್ಲಿಲ್ಲದ ಬಾಯಿಯ ಹಾಗೆ ಆಯಿತು. ಮೇಲೆ ನೋಡಿದರೆ ಬರೀ ಆಕಾಶ.

ಮಗ್ಗಕ್ಕೆ ಬಿಸಿಲು ಆಗುವುದಿಲ್ಲ. ಗಂಜಿ ಹಾಕಿದ ಎಳೆ ಒಣಗಿ ಬಿರುಸಾದರೆ ಪಟ್ಟೆಂದು ಕಡಿಯುತ್ತದೆ. ಅದಕ್ಕೇ ನಾವು ಕತ್ತಲ ಮನೆಯಲ್ಲಿ, ತಂಪು ನೆಲದಲ್ಲಿ ಕೂರುವುದು. ಅಪ್ಪ ವೈಶಾಖದ ಬಿಸಿಲಿನಲ್ಲಿ ಬರಿ ತಲೆಯಲ್ಲಿ ಕೂತು ನೇಯ್ದ. ತಲೆಗೆ ಸುತ್ತಿದ ಬಟ್ಟೆಯ ನೆರಳು ಮುಖದ ಮೇಲೆ ಬೀಳುತ್ತದೆಂದು ಅದನ್ನೂ ತೆಗೆಸಿದ್ದರು. ಎಳೆ ಕಡಿಯುವುದು, ಅಪ್ಪ ಬಗ್ಗಿ ಗಂಟು ಹಾಕುವುದು, ಎರಡು ಸಲ ಲಾಳಿ ಓಡುವುದು, ಮತ್ತೆ ಕಡಿಯುವುದು. ಜಯರಾಮಯ್ಯನವರು ಪೆಟ್ಟಿಗೆಗೆ ಕೀಲಿ ಕೊಟ್ಟು ಕಣ್ಣಿಟ್ಟು, ಇನ್ನೊಂದು ಸಲ ಪಾಲಪ್ಪ, ಇನ್ನೊಂದೇ ಸಲ ಎನ್ನುತ್ತಿದ್ದರು. ಅಪ್ಪನ ನೆತ್ತಿಯಿಂದ ಬೆವರು ಇಳಿದು ಬಟ್ಟೆಯ ಮೇಲೆ ಬೀಳುತ್ತಿತ್ತು. ನಾನು ನೀರಿನಲ್ಲಿ ಅದ್ದಿದ ಗೋಣಿಯನ್ನು ಹಾಸಿನ, ಅಂದರೆ ಮಗ್ಗಕ್ಕೆ ಬಿಗಿದ ಉದ್ದನೂಲಿನ, ಕೆಳಗೆ ಹಾಸಿ ಹಾಸಿ ಸಾಕಾದೆ. ಹಾಸು ಹಾಕುವಾಗ ಹಟ್ಟಿಯ ಹೆಂಗಸರೆಲ್ಲ ಗೂಟದಿಂದ ಗೂಟಕ್ಕೆ ನೂಲು ಹಿಡಿದು ಓಡಾಡಿದೆವು. ಆಗ ಪೆಟ್ಟಿಗೆಯನ್ನು ನೆಲದ ಹತ್ತಿರ ಇಟ್ಟು ನಮ್ಮ ಕಾಲುಗಳನ್ನು ಮಾತ್ರ ತೆಗೆದರು. ಕಾಲು ತೆಗೆದರೆ ಚೆಂದ ಎಂದರು. ಇರಬಹುದು ಎಂದುಕೊಂಡೆ.

ಮುಖ ತೆಗೆಯುವ ದಿನ ಬಂತು. ತಲೆ ಎತ್ತಿ ಪೆಟ್ಟಿಗೆಯ ಕಡೆ ನೋಡಿ ಎಂದರು. ಅಪ್ಪನಿಂದ ಆಗಲಿಲ್ಲ. ಎದುರಿಗೆ ನಿಂತವರು ಮೇಲಿನವರಾದರೆ ಅವನ ಕತ್ತು ತಾನಾಗೇ ಬಗ್ಗುತ್ತಿತ್ತು. ಎತ್ತುವುದು, ಮತ್ತೆ ಬಗ್ಗುವುದು. ಜಯರಾಮಯ್ಯನವರು ಗದ್ದ ಹಿಡಿದು ಎತ್ತಲು ಕೈ ಚಾಚಿದವರು ಅರ್ಧಕ್ಕೇ ಕೈ ಹಿಂದಕ್ಕೆ ತೆಗೆದುಕೊಂಡರು. ಅದನ್ನು ನಾನು ನೋಡಿದೆ. ಕೊನೆಗೆ ನಾನೇ ಪೆಟ್ಟಿಗೆಯ ಹಿಂದೆ ಹೋಗಿ ನಿಂತು, ಅಪ್ಪ, ನನ್ನ ನೋಡು ಎಂದೆ. ಅಪ್ಪ ತಲೆ ಎತ್ತಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿ ನಕ್ಕ. ಮೇಲಿನ ಎರಡು ಹಲ್ಲಿಲ್ಲದ ನಗು. ಪೆಟ್ಟಿಗೆ ಗಿರಗಿರ ಎಂದಿತು. ಸಿಕ್ತು, ಸಿಕ್ತು ಎಂದರು ಜಯರಾಮಯ್ಯನವರು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬಟ್ಟೆ ಮಗ್ಗದಿಂದ ಇಳಿಯಿತು. ಬಿಳಿಯದು, ಪಚ್ಚಡಕ್ಕಿಂತ ತೆಳ್ಳಗಿನದು, ಅಂಚಿಲ್ಲದ್ದು, ದೊಡ್ಡದು. ಹಾಗೇ ಬೇಕೆಂದು ಅವರೇ ಹೇಳಿದ್ದರು. ನಾನು ಎರಡು ಪಟ್ಟಿ ಸೇರಿಸಿ ನಡುವೆ ಹೊಲಿಗೆ ಹಾಕಿದೆ. ಹೊರಡುವ ಹಿಂದಿನ ದಿನ ಪಟೇಲರ ಮನೆಯ ಆಳು ಬಂದು ಲಾಳಿ ಕೊಡು ಎಂದ. ಯಾಕೆ ಎಂದು ಹೇಳಲಿಲ್ಲ. ಸಂಜೆಗೆ ಲಾಳಿಯನ್ನು ನಮ್ಮ ಬೇಲಿಯ ಮೇಲಿಂದ ಒಳಗೆ ಎಸೆದು ಹೋದ. ಎತ್ತಿಕೊಂಡರೆ ಒದ್ದೆಯಾಗಿತ್ತು, ಗಂಜಲದ ವಾಸನೆ. ಪಟೇಲರು ನೋಡಬೇಕೆಂದು ಆಸೆಪಟ್ಟಿರಬೇಕು ಎಂದ ಅಪ್ಪ. ಮಡಿವಂತರು ಗಂಜಲ ಹಾಕಿ ತೊಳೆದು ಮುಟ್ಟಿದ್ದಾರೆ, ಇದರಲ್ಲೇನು ಹೊಸತು ಎಂದು ನಾನೂ ಸುಮ್ಮನಾದೆ.

ವ್ಯಾನು ಹೋಯಿತು. ಸೂರು ಬರಲಿಲ್ಲ. ಸೂರಿಗೆ ಹೊದಿಸುವ ಬಾದೆ ಹುಲ್ಲು ಇರುವುದು ಕೆರೆಯ ಏರಿಯ ಹಿಂದೆ, ಅದು ಪಟೇಲರದು. ಕೇಳಲು ಹೋದರೆ ಇವತ್ತು ಬಾ, ನಾಳೆ ಬಾ. ಒಂದು ದಿನ ಪಟೇಲರು ಜಗಲಿಯ ಮೇಲಿಂದಲೇ, ಮಹಾರಾಜರಿಗೆ ತೋರಿಸಕ್ಕೆ ಕಿತ್ತ ಸೂರು, ಮಹಾರಾಜರನ್ನೇ ಕೇಳು ಎಂದು ಜೊತೆಗಿದ್ದವರನ್ನು ನಗಿಸಿದರು. ನಾವು ಜಾಲಿ ಕೊಂಬೆ, ತೆಂಗಿನ ಗರಿ, ಹರಕು ಗೋಣಿ ಹೊದಿಸಿಕೊಂಡೆವು. ಆ ವರ್ಷ ಮಳೆ ಬರಬೇಕಾದ್ದಕ್ಕಿಂತ ಮುಂಚೆಯೇ ಬಂತು. ಮಗ್ಗದ ಗುಂಡಿ ತುಂಬಿತು. ಅಪ್ಪ ಮಡಕೆಯಲ್ಲಿ ನೀರು ಮೊಗೆದು ಹೊರಗೆ ಸುರಿಯುತ್ತಿದ್ದ, ಗುಂಡಿ ಮತ್ತೆ ತುಂಬುತ್ತಿತ್ತು. ಕೆಸರಿನಲ್ಲಿ ಕಾಲಿಟ್ಟೇ ನೇಯ್ದ. ಕೆಮ್ಮಿನ ಜೊತೆ ಜ್ವರ ಬಂತು. ಅವನ ಬೆನ್ನು ನೀವುವಾಗ ಎಲುಬುಗಳೆಲ್ಲ ಕೈಗೆ ಸಿಗುತ್ತಿದ್ದವು. ಇರಲಿ, ಮುಖ ಸಿಕ್ಕಿದೆಯಲ್ಲ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ದಸರೆಗೆ ಮುಂಚೆ ವ್ಯಾನು ಮತ್ತೆ ಬಂತು. ಮೈಸೂರಿಗೆ ಹೋಗುವುದಕ್ಕೆ ಮೊದಲು ಊರವರಿಗೆ ತೋರಿಸಬೇಕೆಂದು ಜಯರಾಮಯ್ಯನವರು ಚಿತ್ರ ತಂದಿದ್ದರು. ದೇವಸ್ಥಾನದ ಮುಂದಿನ ಬಯಲಿನಲ್ಲಿ ಎರಡು ಕಂಬ ನೆಟ್ಟು, ಅಪ್ಪ ನೇಯ್ದ ಆ ಬಿಳಿ ಬಟ್ಟೆಯನ್ನೇ ಬಿಗಿದು ಕಟ್ಟಿದರು. ಅದಕ್ಕೆ ಗಂಜಲ ಚಿಮುಕಿಸಿ ಆಗಿತ್ತು. ಬಟ್ಟೆಯ ಮುಂದೆ ಊರವರು. ಬಟ್ಟೆಯ ಹಿಂದೆ, ತಿಪ್ಪೆಯ ಕಡೆ, ನಾವು. ಹಿಂದಿನಿಂದಲೂ ಹಾಗೇ ಕಾಣುತ್ತೆ, ಕೂತ್ಕೊಳ್ಳಿ ಎಂದರು. ಅಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ. ನಾನೂ ಚಿಕ್ಕಕ್ಕನೂ ಎರಡು ಕಡೆ ಹಿಡಿದು ಕರೆತಂದೆವು. ಚಿಕ್ಕಕ್ಕ ಅವನ ತಲೆಗೆ ಎಣ್ಣೆ ಹಚ್ಚಿದ್ದಳು, ನೋಡುವವನ ತಲೆ ಯಾಕೆ ನೀಟಾಗಿರಬೇಕೋ ಯಾರಿಗೆ ಗೊತ್ತು. ಕತ್ತಲಾಗುತ್ತಲೇ ವ್ಯಾನಿನ ಎಂಜಿನ್ನು ಭಟಭಟ ಎಂದಿತು. ಬಟ್ಟೆ ಬೆಳಗಿತು.

ಹತ್ತಿ ಹೊಲ ಬಂತು. ರಾಟೆ ತಿರುಗಿತು. ಕಾಲುಗಳು ಓಡಾಡಿದವು, ಯಾರ ಕಾಲೋ. ಚಿತ್ರಕ್ಕೆ ಮಾತಿರಲಿಲ್ಲ, ಮುಂದುಗಡೆಯಿಂದ ಜಯರಾಮಯ್ಯನವರೇ ಕೂಗಿ ವಿವರ ಹೇಳುತ್ತಿದ್ದರು. ಆಮೇಲೆ ಮಗ್ಗ ಬಂತು. ಎರಡು ಕೈ ಬಂದವು, ಬಟ್ಟೆಯ ತುಂಬ ಎರಡೇ ಕೈ. ಒಂದು ಹಗ್ಗ ಎಳೆಯಿತು, ಇನ್ನೊಂದು ಹಲಗೆ ಬಡಿಯಿತು. ಅಪ್ಪನ ಭುಜ ಹಿಡಿದು ಅಲ್ಲಾಡಿಸಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ತಲೆ ಅಡ್ಡ ಆಡಿಸಿದ.

"ನನ್ನ ಕೈಯಲ್ಲ ಕಣವ್ವ. ಇವ್ನು ಹಗ್ಗ ಬಲಗೈಲಿ ಎಳೀತಾವ್ನೆ. ಬ್ಯಾರೆ ಯಾರೋ."

ನೋಡಿದೆ. ನಿಜ. ಬಲಗೈ ಎಳೆಯುತ್ತಿತ್ತು, ಎಡಗೈ ಬಡಿಯುತ್ತಿತ್ತು. ಎಲ್ಲರ ಹಾಗೆ. ಅಷ್ಟರಲ್ಲಿ ಮುಖ ಬಂತು. ಮಗ್ಗದ ಮುಂದೆಯೇ ಕೂತಂತೆ ಕಾಣುವ ಮುಖ. ದಪ್ಪ ಮೀಸೆ, ತುಂಬಿದ ಕೆನ್ನೆ, ತಲೆಗೆ ಬಿಳಿ ರುಮಾಲು. ಕೈಯಲ್ಲಿ ಲಾಳಿ ಹಿಡಿದು, ಮದುವೆಗಂಡಿನ ಹಾಗೆ ಗತ್ತಾಗಿ ನೋಡುತ್ತಿದ್ದ. ನಾನು ಹೊಲಿದ ಹೊಲಿಗೆ ಅವನ ಮೂಗಿನ ಮೇಲಿಂದ ನೆಟ್ಟಗೆ ಇಳಿದಿತ್ತು. ಅವನು ಪಟೇಲರ ದಾಯಾದಿ ಚನ್ನಮಲ್ಲಯ್ಯ. ಮಗ್ಗದ ಹಗ್ಗವನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಲಾಳಿ ಒದ್ದೆಯಾಗಿ ಬಂದದ್ದು ಯಾಕೆಂದು ಆಗ ತಿಳಿಯಿತು.

ಮುಂದುಗಡೆಯಿಂದ ಜಯರಾಮಯ್ಯನವರ ದನಿ ಕೇಳಿಸಿತು, ಇವನೇ ನಮ್ಮ ಕಲಾವಿದ ಎಂದು. ನಮ್ಮ ಅಪ್ಪ ನನ್ನ ಕಡೆ ತಿರುಗಿದ.

"ನೋಡು, ಇನ್ನೂ ಕುಲನೇ ಕೇಳ್ತಾವ್ರೆ," ಎಂದ.

ನನಗೆ ಅಳು ಬಂತು. ಅಷ್ಟು ದಿನ ಬಿಸಿಲಲ್ಲಿ ಕೂತದ್ದು ಯಾವುದಕ್ಕೂ ಬರಲಿಲ್ಲ, ಎಲ್ಲವನ್ನೂ ಬಿಸಾಕಿ ಬೇರೆಯವರನ್ನು ಇಟ್ಟು ತೆಗೆದಿದ್ದಾರೆ ಎಂದುಕೊಂಡೆ. ಹಾಗೇ ಆಗಿದ್ದರೆ ಚೆನ್ನಾಗಿತ್ತು. ಅಪ್ಪನನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬಟ್ಟೆಯ ಆ ಕಡೆ ಯಾರೋ ನಗುತ್ತಾ ಕೂಗಿದ.

"ಲೇ ಚನ್ನಮಲ್ಲ, ನೀನು ಯಾವಾಗ ಎಡಚ ಆದ್ಯಲಾ?"

ಊರೆಲ್ಲ ನಕ್ಕಿತು.

ನಮಗೆ ಬಲಗೈಯಾಗಿ ಕಾಣುವುದು ಅವರಿಗೆ ಯಾಕೆ ಎಡಗೈಯಾಗಿ ಕಾಣುತ್ತಿದೆ? ಎದ್ದೆ. ಚಿಕ್ಕಕ್ಕ ಸೆರಗು ಹಿಡಿದು ಎಳೆದಳು, ಹೋಗಬ್ಯಾಡ ಕಣೇ, ಕೊಲ್ತಾರೆ ಎಂದಳು. ಕೊಸರಿಕೊಂಡು ಹೋದೆ. ಕಂಬ ದಾಟಿ, ನಮ್ಮವರು ಯಾರೂ ಕಾಲಿಡದ ಆ ಬಯಲಿನಲ್ಲಿ ಮೊಣಕಾಲುದ್ದದ ಕಲ್ಲಿನ ಹಿಂದೆ ಕುಕ್ಕರಿಸಿ ಬಟ್ಟೆಯನ್ನು ಮುಂದಿನಿಂದ ನೋಡಿದೆ. ಮತ್ತೆ ಕೈ ಬಂದಿದ್ದವು. ಎಡಗೈ ಎಳೆಯುತ್ತಿತ್ತು, ಬಲಗೈ ಬಡಿಯುತ್ತಿತ್ತು. ಬಿಸಿಲಲ್ಲಿ ನೇಯುವಾಗ ಎಳೆ ಕೊಯ್ದ ಎಡ ಹೆಬ್ಬೆರಳಿಗೆ ನಾನೇ ಕಟ್ಟಿದ ಚಿಂದಿ ಸುತ್ತಿತ್ತು, ಹಿಂದಿನಿಂದ ಅದು ಕಂಡಿರಲಿಲ್ಲ. ಎಳೆ ಕಡಿಯಿತು. ಆ ಕೈ ಬಗ್ಗಿ ಗಂಟು ಹಾಕಿತು. ಬೆವರಿನ ಹನಿ ಬಿತ್ತು. ಆಮೇಲೆ ಮುಖ. ಚನ್ನಮಲ್ಲಯ್ಯನ ಮುಖ. ಮತ್ತೆ ಅಪ್ಪನ ಕೈ. ಮತ್ತೆ ಅವನ ಮುಖ. ಕೈ ಕಡಿದು ಒಬ್ಬನಿಗೆ, ತಲೆ ಕಡಿದು ಒಬ್ಬನಿಗೆ ಅಂಟಿಸಿದ್ದರು. ಹಿಂದೆ ಕೂತ ನಮಗೆ ಎಲ್ಲವೂ ತಿರುಗುಮುರುಗಾಗಿ ಕಂಡಿತ್ತು. ಅಪ್ಪ ತನ್ನ ಕೈಯನ್ನು ತಾನೇ ಅಲ್ಲವೆಂದಿದ್ದ.

ಚನ್ನಮಲ್ಲಯ್ಯನೂ ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದ. ಅವನು ನಗುತ್ತಿರಲಿಲ್ಲ. ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ. ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ.

ತಿರುಗಿ ಬಂದು ಅಪ್ಪನ ಕಿವಿಯಲ್ಲಿ ಹೇಳಿದೆ.

"ನಿನ್ನ ಕೈ ಕಣಪ್ಪ. ಮುಂದ್ಗಡೆಯಿಂದ ನೋಡಿದ್ರೆ ನಿಂದೇ. ಮಕ ಮಾತ್ರ ಚನ್ನಮಲ್ಲಯ್ಯಂದು ಮಡಗವ್ರೆ."

ಅಪ್ಪ ತನ್ನ ಎಡಗೈಯನ್ನು ಮಡಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ನನ್ನ ಮಕ?"

"ಇಲ್ಲ."

ಅಪ್ಪ ನನ್ನ ಭುಜ ಹಿಡಿದು ಎದ್ದ. ಮನೆಗೆ ಹೊರಟ ಎಂದುಕೊಂಡೆ. ಅವನು ಕಂಬದ ಕಡೆ ಹೊರಟ. ಹಿಡಿಯಲು ಹೋದೆ, ಕೈ ಕೊಡವಿದ. ಮೂರು ತಿಂಗಳಿನಿಂದ ಒಬ್ಬನೇ ಬಾನಿಯ ತನಕ ನಡೆಯಲಾರದವನು ಕಂಬ ದಾಟಿದ, ಕಲ್ಲು ದಾಟಿದ, ಜನರ ಮುಂದೆ ಹೋಗಿ ಬಟ್ಟೆಗೆ ಬೆನ್ನು ಕೊಟ್ಟು ಬೆಳಕಿನಲ್ಲಿ ನಿಂತ. ಅವನ ನೆರಳು ಬಟ್ಟೆಯ ತುದಿಯವರೆಗೂ ಏರಿತು. ನಮ್ಮ ನೆರಳು ಮೈಗೆ ಸೋಕಿದರೆ ಸ್ನಾನ ಮಾಡುತ್ತಿದ್ದ ಜನ ಅವರು. ಈಗ ಅವರು ನೋಡುತ್ತಿದ್ದ ಬಟ್ಟೆಯ ಮೇಲೆ ಬೇರೆ ಏನೂ ಇರಲಿಲ್ಲ, ಪಾಲಪ್ಪನ ನೆರಳೇ ಇತ್ತು. ಎಂಜಿನ್ನಿನ ಸದ್ದು ಮಾತ್ರ.

ಅಪ್ಪನ ಕತ್ತು ಬಗ್ಗಲಿಲ್ಲ. ಬೆಳಕು ಕಣ್ಣಿಗೆ ಹೊಡೆದು ಅವನಿಗೆ ಯಾರೂ ಕಾಣುತ್ತಿರಲಿಲ್ಲವೇನೋ. ಎಡಗೈ ಮೇಲೆತ್ತಿದ.

"ನನ್ನ ಕುಲ ಕೇಳಿದ್ರಲ್ಲ ಸ್ವಾಮಿ. ಹೊಲೇರು. ಈ ಕೈ ನಂದು."

ಆಗ ನಾನು ಕಂಬದ ಪಕ್ಕ ನಿಂತಿದ್ದೆ. ಅಪ್ಪನ ಮುಖವನ್ನು ಅಷ್ಟು ಬೆಳಕಿನಲ್ಲಿ ನಾನು ನೋಡಿದ್ದು ಅದೊಂದೇ ಸಲ. ಆದರೆ ಚಿತ್ರ ಇನ್ನೂ ಓಡುತ್ತಿತ್ತು. ಬೆಳಕಿನ ಜೊತೆ ಚನ್ನಮಲ್ಲಯ್ಯನೂ ಬಂದು ಅಪ್ಪನ ಮೇಲೆ ಬಿದ್ದಿದ್ದ. ಅಪ್ಪನ ಬತ್ತಿದ ಕೆನ್ನೆಯ ಮೇಲೆ ಅವನ ಮೀಸೆ ಹರಿದಾಡುತ್ತಿತ್ತು. ಪಕ್ಕಕ್ಕೆ ಸರಿ ಅಪ್ಪ, ಸ್ವಲ್ಪ ಸರಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಅವನು ಸರಿಯುವ ಮೊದಲೇ ಬೆಳಕು ಆರಿತು.

ಕತ್ತಲಲ್ಲಿ 'ಹೊಡೀರಿ' ಎಂದದ್ದು ಪಟೇಲರ ದನಿ. ಮುಟ್ಟಿದರೆ ಮೈಲಿಗೆ ಎಂದು ಕೋಲಿನಿಂದ ಹೊಡೆದರು. ಅಪ್ಪನ ಮೇಲೆ ನಾನು ಬಿದ್ದೆ, ನನ್ನ ಬೆನ್ನಿನ ಮೇಲೂ ಬಿದ್ದವು. ಜಯರಾಮಯ್ಯನವರು ಬೇಡಿ, ಬೇಡಿ ಎನ್ನುತ್ತಾ ತಮ್ಮ ಯಂತ್ರವನ್ನು ತಬ್ಬಿಕೊಂಡು ನಿಂತಿದ್ದರು. ಅದಕ್ಕೆ ಏಟು ತಗುಲಬಾರದಲ್ಲ. ಹಟ್ಟಿಯ ಗಂಡಸರು ಬಂದು ಅಪ್ಪನನ್ನು ಹೊತ್ತುಕೊಂಡು ಹೋದರು. ಹೊಲೆಯನ ನೆರಳು ಬಿದ್ದ ಬಟ್ಟೆ ಇನ್ನು ಯಾವ ಗಂಜಲಕ್ಕೂ ಶುದ್ಧವಾಗುವುದಿಲ್ಲ ಎಂದು ಅದನ್ನು ಕಿತ್ತು ನಮ್ಮ ಬೇಲಿಯ ಮೇಲೆ ಎಸೆದರು.

ಬೆಳಗ್ಗೆ ಜಯರಾಮಯ್ಯನವರು ಹಟ್ಟಿಯ ಬಾಯಿಗೆ ಬಂದು ನಿಂತು ನನ್ನನ್ನು ಕರೆಸಿದರು. ಕಣ್ಣು ಕೆಂಪಾಗಿತ್ತು. ನಮ್ಮೂರ ಹೆಸರು ಹೇಳಿ ಮಹಾರಾಜರ ಮುಂದೆ ಇಂಥವನ ಮುಖ ಹೋಗಕೂಡದೆಂದು ಪಟೇಲರು ಹಟ ಹಿಡಿದರಂತೆ, ಇಲ್ಲವಾದರೆ ಚಿತ್ರವೇ ಬೇಡ, ಮೇಲಕ್ಕೆ ಬರೆಯುತ್ತೇನೆ ಎಂದರಂತೆ. ತಮ್ಮ ಕೈಯಲ್ಲಿ ಏನೂ ಇರಲಿಲ್ಲವಂತೆ. ನಾನು ಕೇಳಿದ್ದು ಒಂದೇ ಮಾತು. ಅಪ್ಪ ನನ್ನ ನೋಡಿ ನಕ್ಕಿದ್ದು ಎಲ್ಲಿದೆ?

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಕತ್ತರಿಸಿದ ಚೂರುಗಳನ್ನ ಇಟ್ಕೊಳ್ಳೋ ಹಾಗಿಲ್ಲಮ್ಮ. ಅದು ತಾನಾಗೇ ಹೊತ್ಕೊಳ್ಳೋ ಪದಾರ್ಥ. ಬೆಂಗಳೂರಲ್ಲೇ ಸುಟ್ಟುಬಿಟ್ವಿ."

ಆಮೇಲೆ ಅವರೇ, ಈಗ ಬೇಕಾದರೆ ಒಂದು ಫೋಟೋ ತೆಗೆದುಕೊಡುತ್ತೇನೆ, ಕಾಗದದ್ದು, ನೀನೇ ಇಟ್ಟುಕೋ, ಯಾರನ್ನೂ ಕೇಳುವುದಿಲ್ಲ ಎಂದರು. ನಾನು ಓಡಿದೆ. ಅಪ್ಪ ಗೋಡೆಯ ಪಕ್ಕ ಮಲಗಿದ್ದ. ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಒಡೆದಿತ್ತು. ಆದರೂ ಅದು ಅಪ್ಪನ ಮುಖವೇ, ನನಗೆ ಅಷ್ಟೇ ಸಾಕಾಗಿತ್ತು. ಹೇಳಿದೆ. ಅವನು ತೆರೆದಿದ್ದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿದ.

"ಬ್ಯಾಡ."

ಕಾಲು ಹಿಡಿದೆ. ನನಗೋಸ್ಕರ ಅಪ್ಪ, ಒಂದೇ ಒಂದು ಎಂದೆ.

"ಒಂದ್ಸಲ ಕೊಟ್ಟೆ. ತಕ್ಕೊಂಡೋಗಿ ಬೆಂಕಿಗಾಕಿದ್ರು. ಇನ್ನೊಂದು ನನ್ತಾವ ಇಲ್ಲ ಕಣವ್ವ. ಹೋಗು ಅನ್ನು."

ಗೋಡೆಯ ಕಡೆ ತಿರುಗಿಕೊಂಡ. ಆ ಹೊತ್ತಿನಲ್ಲಿ ನನಗೆ ಪಟೇಲರ ಮೇಲೆ ಬಂದಷ್ಟೇ ಸಿಟ್ಟು ಅಪ್ಪನ ಮೇಲೂ ಬಂತು. ಅವನ ಮುಖ ಅವನದು, ಕೊಡುವುದು ಬಿಡುವುದು ಅವನಿಷ್ಟ. ಆದರೆ ಇಟ್ಟುಕೊಳ್ಳಬೇಕಾದವಳು ನಾನು. ಹಟ್ಟಿಯ ಬಾಯಿಗೆ ಹೋಗಿ, ಬೇಡವಂತೆ ಎಂದೆ. ಜಯರಾಮಯ್ಯನವರು ತಲೆ ತಗ್ಗಿಸಿ ವ್ಯಾನು ಹತ್ತಿದರು. ಆ ವರ್ಷ ದಸರೆಯಲ್ಲಿ ಚಿತ್ರ ತೋರಿಸಿದರೆಂದೂ, ಆಮೇಲೆ ತುಮಕೂರು, ಹಾಸನ, ಎಲ್ಲ ಕಡೆ ತೋರಿಸಿದರೆಂದೂ ಕೇಳಿದೆ. ಜಾಲಿಕಟ್ಟೆಯ ಚನ್ನಮಲ್ಲಯ್ಯ ಮಗ್ಗದ ಮುಂದೆ ಕೂತು ಊರೂರು ತಿರುಗಿದ.

ಅಪ್ಪ ಕಾರ್ತಿಕ ಮಾಸ ಮುಗಿಯುವುದರೊಳಗೆ ಹೋದ. ಬೇಲಿಯ ಮೇಲೆ ಎಸೆದಿದ್ದ ಆ ಬಟ್ಟೆಯನ್ನು ಒಗೆದು ಇಟ್ಟಿದ್ದೆ, ಅದನ್ನೇ ಸುತ್ತಿದೆವು. ಮಣ್ಣು ಹಾಕುವ ಮುಂಚೆ ಚಿಕ್ಕಕ್ಕ ಬಟ್ಟೆ ಸರಿಸಿ, ಮಕ ನೋಡ್ಕೊಳವ್ವ ಎಂದಳು. ನೋಡಿದೆ. ಕಣ್ಣು ರೆಪ್ಪೆ ಹಾಕದೆ ನೋಡಿದೆ. ಹೊತ್ತಾಯಿತು ಎಂದು ಯಾರೋ ಅಂದರು. ಬಟ್ಟೆ ಎಳೆದು ಮುಚ್ಚಿದರು. ನಾನು ಹಾಕಿದ ಹೊಲಿಗೆ ಅವನ ಹಣೆಯ ಮೇಲಿಂದ, ಮೂಗಿನ ಮೇಲಿಂದ ನೆಟ್ಟಗೆ ಇಳಿದಿತ್ತು.

ಎಷ್ಟು ನೋಡಿಟ್ಟುಕೊಂಡರೂ ನಿಲ್ಲಲಿಲ್ಲ. ಈಗ ಅಪ್ಪನನ್ನು ನೆನೆದರೆ ಬಟ್ಟೆಯ ಮೇಲೆ ನಿಂತ ನೆರಳು ಬರುತ್ತದೆ, ಎತ್ತಿದ ಎಡಗೈ ಬರುತ್ತದೆ. ಮುಖ ಇರಬೇಕಾದ ಜಾಗಕ್ಕೆ ಬಂದರೆ ಅಲ್ಲಿ ಒಂದು ಮೀಸೆ ಹರಿದಾಡುತ್ತದೆ. ನನ್ನ ಮಗಳು ತಾತ ಹೇಗಿದ್ದ ಎಂದು ಕೇಳುತ್ತಾಳೆ. ನಿನ್ನ ಹಾಗೇ ಇದ್ದ ಎನ್ನುತ್ತೇನೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಆದರೆ ಆವತ್ತು ನಾವು ಹೂತದ್ದು ಅಪ್ಪನ ಮೈಯನ್ನು ಮಾತ್ರ. ಮುಖವನ್ನು, ಅವನಿನ್ನೂ ಬದುಕಿದ್ದಾಗಲೇ, ಬೆಂಗಳೂರಿನಲ್ಲಿ ಸುಟ್ಟಿದ್ದರು.